ಒಮ್ಮೆ ಅಚ್ಚಾದ ಮೇಲೆ

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಮೊದಲ ಕಾರ್ಡುಗಳು 1993ರಲ್ಲಿ ಬೆಲ್ಜಿಯಂನಲ್ಲಿ ಅಚ್ಚಾದವು. ಅವುಗಳಲ್ಲಿ ‘ಆರ್ಕಿಷ್ ಓರಿಫ್ಲ್ಯಾಮ್’ ಎಂಬ ಕಾರ್ಡನ್ನು ಆಟದಲ್ಲಿ ಹೂಡಲು ತೆರಬೇಕಾದ ಬೆಲೆ ನಾಲ್ಕಿರಬೇಕಾದಲ್ಲಿ ಎರಡೆಂದು ಬಿತ್ತು. ತಪ್ಪು ಗೊತ್ತಾಗಿ ಏನು ಮಾಡುವುದು? ಪೊಟ್ಟಣ ಆಗಲೇ ಅಂಗಡಿ ಸೇರಿರುತ್ತದೆ.

ಅಚ್ಚಾದರೆ ತಿದ್ದಲಾಗದೆಂಬ ಈ ಅಂಜಿಕೆಯೇ ಆಟವನ್ನು ಹದವಾಗಿ ಬೆಳೆಸಿತು ಅನ್ನುವವನು ನಾನು. ಅದರ ಡಿಜಿಟಲ್ ರೂಪ ‘ಅರೀನಾ’ದಲ್ಲಿ ಇದು ಎದ್ದು ಕಾಣುತ್ತದೆ. ಪರದೆಯ ಮೇಲೆ ಏನು ಬೇಕಾದರೂ ಸಾಧ್ಯ. ಆದರೂ ಅಲ್ಲಿನ ಬಹುಪಾಲು ಕಾರ್ಡುಗಳು ಕಾಗದದ ಮರ್ಯಾದೆ ಮೀರುವುದಿಲ್ಲ. ಇಬ್ಬರು ಮೇಜಿನ ಮುಂದೆ ಕೂತು, ದಾಳ, ಬಿಲ್ಲೆ ಇಟ್ಟುಕೊಂಡು, ಕೈಯಾರೆ ನಡೆಸಿ ನೆನಪಿಡಬಹುದಾದಷ್ಟೇ ಕರಾಮತ್ತು. 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರದ ರಟ್ಟಿನಲ್ಲಿ ಚಿತ್ರಕ್ಕೆ ಕೊಟ್ಟು ಮಿಕ್ಕ ಜಾಗದಲ್ಲಷ್ಟೇ ಮಾತು. ಆ ವಾಕ್ಯಗಳ ಬಿಗಿ ನೋಡಿದರೆ ನಮ್ಮ ಸರ್ಕಾರಿ ಸುತ್ತೋಲೆ ಬರೆಯುವವರಿಗೂ ಇದೇ ಅಳತೆ ಕೊಡಬೇಕೆನಿಸುತ್ತದೆ.

ದಂಡ ತೆರಬೇಕಾದದ್ದೂ ಉಂಟು. 2019ರ ಅಕ್ಟೋಬರಿನಲ್ಲಿ ಬಂದ ‘ಓಕೋ’ ಕಾರ್ಡಿನ ಬಲ ಅತಿಯಾಯಿತು. ಅಚ್ಚಾದದ್ದನ್ನು ತಿದ್ದುವಂತಿಲ್ಲ, ನವೆಂಬರಿನಲ್ಲೇ ‘ಸ್ಟ್ಯಾಂಡರ್ಡ್’ ಪಂದ್ಯಗಳಿಂದ ನಿಷೇಧಿಸಿದರು. ಪರದೆಗೆಂದೇ ಹುಟ್ಟಿದ ‘ಹಾರ್ತ್‌ಸ್ಟೋನ್’ ಕಾರ್ಡಾಟದಲ್ಲಾದರೆ ಕಾರ್ಡಿನ ಒಂದಂಕಿ ಇಳಿಸಿದರೆ ಮುಗಿಯುತ್ತಿತ್ತು. 2021ರ ಡಿಸೆಂಬರಿನಲ್ಲಿ ಅರೀನಾ ಕೂಡ ‘ಆಲ್ಕೆಮಿ’ ಎಂಬ ವಿಭಾಗ ತೆರೆದು, ತಿದ್ದಬಹುದಾದ ಕಾರ್ಡುಗಳನ್ನು ಅಲ್ಲಿಗೆ ತಂದಿತು. ಆಟದ ನಡುವೆ ಆಟಗಾರನ ಕೈಗೆ ಮರಳಿದರೂ ತಮಗಾದ ಬದಲಾವಣೆ ಮರೆಯದ ಕಾರ್ಡುಗಳೂ ಅಲ್ಲಿವೆ. ಜಾಣತನ, ಒಪ್ಪೋಣ.

ನನ್ನ ಓಟು ಮಾತ್ರ ಅಚ್ಚಿನ ಕಾರ್ಡಿಗೇ: ನಿನ್ನೆ ಓದಿಕೊಂಡದ್ದು ಇವತ್ತೂ ಹಾಗೇ ಇರುತ್ತದೆ.