ಕೊಡುವ ಮುನ್ನ ಕೇಳಿ

ಆಟಿ ತಿಂಗಳಲ್ಲಿ ಮಲ್ಪೆಯ ಯಾವ ಚಿತ್ರಕಾರರ ಮನೆಗೆ ಹೋದರೂ ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳ ಬೆನ್ನು ಒರೆಸುವ ಕೆಲಸ ಇದ್ದದ್ದೇ. ಕಡಲಿನ ಉಪ್ಪುಗಾಳಿಗೆ ಮಳೆಯ ತೇವ ಸೇರಿದರೆ ಬಟ್ಟೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಮರದ ಚೌಕಟ್ಟು ಉಬ್ಬುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಇಷ್ಟಾದರೂ ‘ಇದೊಂದನ್ನು ಮಾತ್ರ ಕೊಡುವುದಿಲ್ಲ ಮಾರಾಯ್ರೆ’ ಎನ್ನುವವರನ್ನು ಕಂಡರೆ ನನಗೆ ಗೌರವಕ್ಕಿಂತ ಕಿರಿಕಿರಿಯೇ ಹೆಚ್ಚು. ಮನೆಯಲ್ಲಿ ಇಟ್ಟುಕೊಂಡದ್ದೆಲ್ಲ ಉಳಿಯುತ್ತದೆಂಬ ಭರವಸೆ ನಮ್ಮ ಕರಾವಳಿಯಲ್ಲಿಲ್ಲ.

ಹಟ ಹಿಡಿದು ಗೆದ್ದವರೂ ಇದ್ದಾರೆನ್ನಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಮೈಸೂರಿನ ಕೆ. ವೆಂಕಟಪ್ಪ (1886–1965) ತಮ್ಮ ಚಿತ್ರಗಳನ್ನು ಸುಲಭಕ್ಕೆ ಬಿಟ್ಟುಕೊಟ್ಟವರಲ್ಲ. ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳಲ್ಲಿ ಮಂಜು ಬೆಟ್ಟವನ್ನು ಮುಚ್ಚುವ ಬಗೆ ನೋಡಿದರೆ, ಕೈಬಿಡಲು ಮನಸ್ಸು ಬಾರದಿದ್ದರೆ ಆಶ್ಚರ್ಯವೇನು ಎನಿಸುತ್ತದೆ. ಅವರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಅವರ ಹೆಸರಲ್ಲೇ ಗ್ಯಾಲರಿ ಎದ್ದಿತು. ಒಬ್ಬ ಕಲಾವಿದನ ಇಷ್ಟೊಂದು ಕೆಲಸ ಒಂದೇ ಸೂರಿನಡಿ ಸಿಗುವುದು ಆ ಹಟದ ಫಲ. ಆದರೆ ಅವರೂರಿನ ಹವೆಯೇ ಬೇರೆ!

ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರದು (1911–1996) ಇನ್ನೊಂದು ದಾರಿ. ಮುಂಬೈಯಲ್ಲಿ ನೆಲೆಸಿ, ದೇಶವಿದೇಶಕ್ಕೆ ಚಿತ್ರ ಕಳಿಸಿದವರು. ಕೊಡುತ್ತಲೇ ಹೋದರು, ಬರೆಯುತ್ತಲೇ ಹೋದರು. ಹಾಗೆಂದು ಎಲ್ಲವೂ ಶ್ರೀಮಂತರ ಹಜಾರ ಸೇರಲಿಲ್ಲ. ವೆಂಕಟಪ್ಪ ಗ್ಯಾಲರಿಯಲ್ಲೇ ಅವರ ಚಿತ್ರಗಳೂ ಇವೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಮಲ್ಪೆಯವರಿಗೆ ಬಸ್ಸಿನ ದಾರಿ.

ನಾಗಾರಾಧನೆಯ ನಾಗಮಂಡಲ ಬರೆಯುವ ವೈದ್ಯ ಸಮುದಾಯದವರಿಗೆ ಈ ಯಾವ ತಲೆಬಿಸಿಯೂ ಇಲ್ಲ. ಐದು ಬಣ್ಣದ ಹುಡಿಯಲ್ಲಿ 16 ಗಂಟುಗಳ ಹಾವನ್ನು ನೆಲದ ಮೇಲೆ ಬಿಡಿಸಿ, ರಾತ್ರಿ ಕುಣಿದು, ಕೊನೆಗೆ ಅಳಿಸಿಬಿಡುತ್ತಾರೆ. ಹುಡಿ ಪ್ರಸಾದವಾಗಿ ಭಕ್ತರ ಕೈಸೇರುತ್ತದೆ. ಕೊಂಡವರೂ ಇಲ್ಲ, ಕೊಡದವರೂ ಇಲ್ಲ.

ಕ್ಯಾನ್ವಾಸಿಗೆ ಆ ಸುಖವಿಲ್ಲ, ಆದರೆ ಕಾನೂನಿನ ಆಸರೆಯಿದೆ. ಚಿತ್ರ ಮಾರಿದರೂ, ಬರೆದುಕೊಡದ ಹೊರತು ಕೃತಿಸ್ವಾಮ್ಯ ಕಲಾವಿದನದ್ದೇ. (ದುಡ್ಡು ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಮಾತು ಬೇರೆ.) ಕೊಂಡವರು ಚಿತ್ರವನ್ನು ವಿರೂಪಗೊಳಿಸಿ ಹೆಸರು ಕೆಡಿಸಿದರೆ ಪ್ರಶ್ನಿಸಬಹುದು. ಮೂಲಚಿತ್ರ ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಂತೆ ಬರೆದವರಿಗೂ ಪಾಲುಂಟು, ಗರಿಷ್ಠ ಶೇ. 10. ಹಕ್ಕೇನೋ ಇದೆ, ಚಿತ್ರ ಯಾರ ಮನೆಯಲ್ಲಿದೆ ಎಂಬುದೇ ಗೊತ್ತಿಲ್ಲದ ಮೇಲೆ ಅದನ್ನು ಕೇಳುವುದು ಯಾರ ಹತ್ತಿರ?

ಆದ್ದರಿಂದ ಕಣ್ಣೀರು ಸಾಕು, ಒಂದು ಪುಸ್ತಕ ಇಡಿ. ಹಗಲು ಬೆಳಕಿನಲ್ಲಿ ಚಿತ್ರದ ಫೋಟೊ ತೆಗೆಯಿರಿ, ಬೆನ್ನಿಗೆ ಹೆಸರು, ಇಸವಿ, ಅಳತೆ ಬರೆಯಿರಿ, ಕೊಂಡವರ ವಿಳಾಸ ಪುಸ್ತಕಕ್ಕೆ ಸೇರಿಸಿ. ಮುಂದೆ ಪ್ರದರ್ಶನಕ್ಕೆ ಎರವಲು ಕೊಡುವಿರಾ ಎಂದು ಮೊದಲೇ ಕೇಳಿ. ದುಡ್ಡು ಕೈಗೆ ಬಂದ ಮೇಲೆ ನಾಲಿಗೆ ಏಳುವುದಿಲ್ಲ.