ಸುತ್ತು ಒಂದು, ಸಮಯ ಎರಡು

ಜರ್ಮನಿಯ ನೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ನಲ್ಲಿ ನನಗೆ ಕಾರುಗಳ ವೇಗಕ್ಕಿಂತ ಹೆಚ್ಚು ಹಿಡಿಸುವುದು ಅಳತೆಯ ಶಿಸ್ತು. 2021ರ ಜೂನ್‌ನಲ್ಲಿ ಲಾರ್ಸ್ ಕೆರ್ನ್ ಅಲ್ಲಿ ಓಡಿಸಿದ, ವೇಗ ಹೆಚ್ಚಿಸುವ ಮಾಂಥೈ ಕಿಟ್ ಹಾಕಿದ ಪೋರ್ಷೆ 911 ಜಿಟಿ2 ಆರ್‌ಎಸ್ ಹೆಸರಿನ ಮುಂದೆ ಎರಡು ಸಮಯಗಳಿವೆ: 6 ನಿಮಿಷ 43.300 ಸೆಕೆಂಡು ಮತ್ತು 6 ನಿಮಿಷ 38.835 ಸೆಕೆಂಡು. ಸುತ್ತು ಮಾತ್ರ ಒಂದೇ! ಮೊದಲನೆಯದು ಪೂರ್ತಿ 20.832 ಕಿ.ಮೀ.ಗೆ. ಎರಡನೆಯದರಲ್ಲಿ ಟಿ13 ಗ್ಯಾಲರಿ ಮುಂದಿನ ನೇರ ರಸ್ತೆಯ ತುಣುಕನ್ನು ಬಿಟ್ಟು 20.6 ಕಿ.ಮೀ. ಹಿಡಿದಿದ್ದಾರೆ, ಹಳೆಯ ದಾಖಲೆಗಳಲ್ಲಿ ಬಹುಪಾಲು ಇದೇ ಲೆಕ್ಕದವು. ಸುಮಾರು ನಾಲ್ಕೂವರೆ ಸೆಕೆಂಡಿನ ಈ ವ್ಯತ್ಯಾಸ ಹೇಳದೆ ಹೋದರೆ ನಿಧಾನದ ಕಾರೂ ಗೆದ್ದುಬಿಡುತ್ತದೆ.

2019ರಿಂದ ಅಧಿಕೃತ ದಾಖಲೆಗೆ ಪೂರ್ತಿ ಉದ್ದವೇ ಲೆಕ್ಕ. ಕಾರಿನ ಸ್ಥಿತಿ ನೋಡಿ ಸಹಿ ಹಾಕಲು ನೋಟರಿ ಇರುತ್ತಾರೆ. ಜಮೀನು ನೋಂದಣಿಯಷ್ಟೇ ಗಂಭೀರ!

ಆದರೂ ಹವೆಗೆ ನೋಟರಿಯಿಲ್ಲ. ತಣ್ಣನೆ ಗಾಳಿ ಎಂಜಿನ್‌ಗೆ ಹಿತ, ಕಾಯದ ಟೈರಿಗೆ ಅಲ್ಲ. ರೇಸ್ ಟೈರಿಗೆ ಹತ್ತಿರದ ಮೆತ್ತನೆ ರಬ್ಬರ್ ಹಾಕಿದರೆ ಅದೇ ಕಾರು ಎಷ್ಟೋ ಸೆಕೆಂಡು ಉಳಿಸುತ್ತದೆ. ಹಾಗಾಗಿ ಲ್ಯಾಪ್ ಟೈಮ್ ಓದುವಾಗ ಮೊದಲು ಟೈರಿನ ಹೆಸರು ಹುಡುಕಿ, ಸೆಕೆಂಡು ಆಮೇಲೆ ನೋಡಿ.