ತಾಯಿಯಂತೆ ಮಗ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ಈ ಗಾದೆ ನಮ್ಮ ಹಿತ್ತಲಿನ ಪಟ್ಟೆ ಹೇಂಟೆಯ ಮುಂದೆ ಸೋಲುತ್ತದೆ.

ಅವಳು ಪ್ಲಿಮತ್ ರಾಕ್ ತಳಿಯವಳು, ಮೈತುಂಬ ಕಪ್ಪು ಬಿಳಿ ಅಡ್ಡಗೆರೆ. ಜೊತೆಗಿರುವ ಹುಂಜ ರೋಡ್ ಐಲೆಂಡ್ ರೆಡ್. ಅವಳ ಮೊಟ್ಟೆಗಳನ್ನು ಕಾವಿಗೆ ಕೂತ ನಾಟಿ ಕೋಳಿಯ ಅಡಿಗಿಟ್ಟೆ. 21ನೇ ದಿನ ಒಂಬತ್ತು ಕರಿ ಮರಿ ಹೊರಬಂದವು. ಮೈ ಒಣಗುತ್ತಿದ್ದಂತೆ ಐದರ ನೆತ್ತಿಯಲ್ಲಿ ಕಡಲೆಬೇಳೆ ಗಾತ್ರದ ಬಿಳಿ ಚುಕ್ಕೆ ಕಂಡಿತು. ಆ ಐದೂ ಹುಂಜ, ಉಳಿದ ನಾಲ್ಕು ಹೇಂಟೆ. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂದು ಮೊಟ್ಟೆ ಆರಿಸಿಡುವವರು ಇಂದಿಗೂ ಇದ್ದಾರೆ. ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವೇ ಇಲ್ಲ. ಈ ಬೆರಕೆಯಲ್ಲಿ ನೆತ್ತಿಯ ಚುಕ್ಕೆ ಮಾತ್ರ ಸುಳ್ಳಾಡುವುದಿಲ್ಲ.

ಇದರ ಗುಟ್ಟು ಹೀಗಿದೆ. ನಮ್ಮಲ್ಲಿ ಎಕ್ಸ್, ವೈ ವರ್ಣತಂತುಗಳು ಇದ್ದಂತೆ ಕೋಳಿಗಳಲ್ಲಿ ಝಡ್, ಡಬ್ಲ್ಯು. ಆದರೆ ಲೆಕ್ಕ ತಿರುಗಾಮುರುಗಾ: ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಪಟ್ಟೆಯ ಜೀನ್ ಕೂತಿರುವುದು ಝಡ್ ಮೇಲೆ. ತಾಯಿಯ ಒಂದೇ ಝಡ್ ಗಂಡುಮಕ್ಕಳ ಪಾಲು. ಹೆಣ್ಣುಮಕ್ಕಳಿಗೆ ಅವಳು ಕೊಡುವುದು ಡಬ್ಲ್ಯು. ಹಾಗಾಗಿ ಪಟ್ಟೆ ಮಗನಿಗೆ ಹೋಯಿತು; ನೆತ್ತಿಯ ಚುಕ್ಕೆ ಅದರದೇ ಗುರುತು. ಮಗಳು ಬೆಳೆದಂತೆ ಕರಿ ಮೈ, ಕತ್ತಿನಲ್ಲಿ ಒಂದಿಷ್ಟು ಕೆಂಪು.

ಕೋಳಿಯ ಪಟ್ಟೆ ಹೀಗೆ ಲಿಂಗದ ಜೊತೆ ಹರಿಯುತ್ತದೆಂದು ಅಮೆರಿಕದ ಸ್ಪಿಲ್‌ಮನ್ 1908ರಲ್ಲೇ ಬರೆದಿದ್ದರು. ಪಿಯುಸಿಯಲ್ಲಿ ನಾವೆಲ್ಲ ಪನ್ನೆಟ್ ಚೌಕ ಬರೆದವರೇ. ಆ ಪನ್ನೆಟ್ ಕೇಂಬ್ರಿಜ್‌ನಲ್ಲಿ ಕೋಳಿ ಸಾಕಿ, ಇದೇ ಪಟ್ಟೆಯ ಬೆನ್ನು ಹತ್ತಿದ್ದರೆಂದು ಯಾವ ಮೇಷ್ಟ್ರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಆ ಚೌಕಕ್ಕೆ ಜೀವ ಬರುತ್ತಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಅವರು ಮೈಕೇಲ್ ಪೀಸ್ ಜೊತೆಗೂಡಿ ಕ್ಯಾಂಬಾರ್ ಎಂಬ ತಳಿಯನ್ನೇ ಕಟ್ಟಿದರು. ಅಲ್ಲಿ ಅಪ್ಪ ಅಮ್ಮ ಇಬ್ಬರೂ ಪಟ್ಟೆಯವರು. ಗಂಡುಮರಿಗೆ ಪಟ್ಟೆಯ ಜೀನ್ ಎರಡು, ಹೆಣ್ಣಿಗೆ ಒಂದು. ಆದ್ದರಿಂದ ಗಂಡಿನ ನವಿರು ಮಾಸಲು, ಹೆಣ್ಣಿನದು ಗಾಢ. ತಲೆಮಾರು ಕಳೆದರೂ ಗುರುತು ಉಳಿಯುತ್ತದೆ.

ನಮ್ಮ ಹಿತ್ತಲಿನ ಬೆರಕೆ ಹಾಗಲ್ಲ. ಒಂದೇ ತಲೆಮಾರಿಗೆ ಮುಗಿಯಿತು. ಈ ಅಣ್ಣತಂಗಿಯರನ್ನೇ ಕೂಡಿಸಿದರೆ ಮುಂದಿನ ಮರಿಗಳಲ್ಲಿ ಚುಕ್ಕೆ ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಪಟ್ಟೆ ಹುಂಜ ತಂದು ಕರಿ ಹೇಂಟೆಗೆ ಬಿಡುವವರಿಗೂ ಇದನ್ನೇ ಹೇಳುತ್ತೇನೆ: ಅಪ್ಪಟ ಪಟ್ಟೆ ಹುಂಜವಾದರೆ ಮರಿಗಳೆಲ್ಲಕ್ಕೂ ಚುಕ್ಕೆ. ಪಟ್ಟೆ ತಾಯಿಯದಾಗಿರಬೇಕು. ಅಪ್ಪ ಕೆಂಪೋ ಕರಿಯೋ ಇರಲಿ, ಬಿಳಿ ಲೆಗ್‌ಹಾರ್ನ್ ಮಾತ್ರ ಬೇಡ. ಆ ಬಿಳುಪಿನಡಿ ಬೇರೆ ಬಣ್ಣ, ಪಟ್ಟೆಗಳು ಅಡಗಿ ಕೂತಿರುತ್ತವೆ.

ಬಗೆಬಗೆಯ ಬಣ್ಣದ ನಾಟಿ ಮರಿಗಳಲ್ಲಿ ಈ ಚುಕ್ಕೆಯನ್ನು ನಂಬುವಂತಿಲ್ಲ, ಕಾಯಲೇಬೇಕು. ಎರಡು ತಿಂಗಳಿಗೆ ಜುಟ್ಟು ಕೆಂಪಾಗುವುದು ಒಂದು ಸುಳಿವು, ಆದರೆ ತಳಿಯಿಂದ ತಳಿಗೆ ಬೇರೆ. ನಾನು ನಂಬುವುದು ಮೂರು ತಿಂಗಳ ಹೊತ್ತಿಗೆ ಬಾಲದ ಬುಡದಲ್ಲಿ, ಸೊಂಟದ ಮೇಲೆ ಮೂಡುವ ಗರಿಯನ್ನು. ಹುಂಜಕ್ಕೆ ಅದು ಉದ್ದ, ಚೂಪು, ಹೊಳಪು. ಹೇಂಟೆಗೆ ತುದಿ ದುಂಡು. ದುಂಡಾಗಿಸುವುದು ಅಂಡಾಶಯದ ಈಸ್ಟ್ರೋಜನ್. ಅಂಡಾಶಯ ಕೆಟ್ಟ ಮುದಿ ಹೇಂಟೆ ಗರಿ ಉದುರಿಸಿ, ಹುಂಜದ ಚೂಪುಗರಿ ತೊಟ್ಟು ನಿಲ್ಲುವುದೂ ಉಂಟು. ಅಂಥ ಹೇಂಟೆ ಕೂಗಿದರೆ ಅಪಶಕುನವೆಂದು ಕತ್ತು ಮುರಿಯಬೇಡಿ. ಅದಕ್ಕೆ ವಯಸ್ಸಾಗಿದೆ, ಅಷ್ಟೆ.